ಬೆಳಗಾಗುವಷ್ಟರಲ್ಲಿ ಇಳಿಯುವ ಗಾಳಿ

ಮುಧೋಳ, ಜಮಖಂಡಿ ಕಡೆ ದೀಪಾವಳಿ ಮುಗಿಯಿತೆಂದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್‌ಗಳು. ಒಂದೊಂದರ ಹಿಂದೆ ಎರಡೆರಡು ಟ್ರೇಲರ್, ಅವುಗಳ ಮೇಲೆ ಆಳೆತ್ತರ ಮೀರಿ ಕಟ್ಟಿದ ಕಬ್ಬು. ಪಂಕ್ಚರ್ ಅಂಗಡಿಯವರಾದ ನಮಗೂ ಅದೇ ಸುಗ್ಗಿ. ಮೊಳೆ ಹೊಕ್ಕು ಒಮ್ಮೆಗೇ ಕೂತುಬಿಟ್ಟ ಟೈರು ಬಂದರೆ ನಮಗೆ ಕೆಲಸ ಸುಲಭ: ಮೊಳೆ ಕಣ್ಣಿಗೆ ಕಾಣುತ್ತದೆ, ತೂತು ಕೈಗೆ ಸಿಗುತ್ತದೆ. ಸಂಜೆ ತುಂಬಿಸಿದ್ದು ಬೆಳಗ್ಗೆ ಅರ್ಧ ಇಳಿದಿರುವ, ಮತ್ತೆ ತುಂಬಿಸಿದರೆ ಕಾರ್ಖಾನೆ ಮುಟ್ಟುವ, ಮಾರನೆಯ ದಿನ ಮತ್ತೆ ಇಳಿದಿರುವ ಟೈರೇ ಕಷ್ಟದ್ದು. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಅಂಥ ಟೈರುಗಳಿಂದಲೇ. ಟ್ರೇಲರ್ ಇಟ್ಟುಕೊಂಡ ರೈತರಿಗೆ, ಹೊಸದಾಗಿ ಅಂಗಡಿ ಹಾಕುವ ಹುಡುಗರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

1. ಗಾಳಿ ತುಂಬಿಸುವುದು ರಿಪೇರಿಯಲ್ಲ

"ಕಾಕಾ, ಸ್ವಲ್ಪ ಗಾಳಿ ಹಾಕು ಸಾಕು, ಪಾಳಿ ಹೋಗತೈತಿ" ಎನ್ನುತ್ತಾರೆ ಡ್ರೈವರ್‌ಗಳು. ಅವರ ಅವಸರ ನನಗೆ ಅರ್ಥವಾಗುತ್ತದೆ. ಕಾರ್ಖಾನೆಯ ಮುಂದೆ ಪಾಳಿ ತಪ್ಪಿದರೆ ಒಂದು ದಿನವೇ ಹೋಯಿತು, ಅಷ್ಟರಲ್ಲಿ ಕಡಿದ ಕಬ್ಬು ಒಣಗಿ ತೂಕ ಇಳಿಯುತ್ತದೆ. ಆದರೂ ಗಾಳಿ ಕಡಿಮೆಯಾದ ಟೈರಿನ ಮೇಲೆ ಭಾರ ಹೊತ್ತು ಓಡಿದರೆ ಆಗುವ ನಷ್ಟ ಒಂದು ಪಾಳಿಯದ್ದಲ್ಲ.

ಲೆಕ್ಕ ಹಾಕಿ ನೋಡಿ. ಟ್ರೇಲರ್ ಮತ್ತು ಕಬ್ಬು ಸೇರಿ 10 ಟನ್, ನಾಲ್ಕು ಚಕ್ರ, ಅಂದರೆ ಒಂದು ಚಕ್ರದ ಮೇಲೆ ಎರಡೂವರೆ ಟನ್. ಟೈರಿನಲ್ಲಿ 90 ಪಿಎಸ್‌ಐ ಗಾಳಿ ಇದ್ದರೆ ಒಂದು ಚದರ ಸೆಂಟಿಮೀಟರು ಸುಮಾರು 6.3 ಕಿಲೋ ಹೊರುತ್ತದೆ. ಹಾಗಾಗಿ ಅಷ್ಟು ಭಾರವೂ ಹೆಚ್ಚುಕಡಿಮೆ 20 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಜಾಗದ ಮೇಲೆ ನಿಲ್ಲುತ್ತದೆ. ಗಾಳಿ ಅರ್ಧಕ್ಕೆ ಇಳಿದರೆ ನೆಲಕ್ಕೆ ತಾಗುವ ಜಾಗ ಇಮ್ಮಡಿಯಾಗಬೇಕು. ಅದಕ್ಕಾಗಿ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿಕೊಳ್ಳುತ್ತದೆ, ಮಡಚಿದಷ್ಟೂ ಬಿಸಿಯಾಗುತ್ತದೆ, ಒಳಗಿನ ನೈಲಾನ್ ದಾರದ ಪದರಗಳು ಒಂದನ್ನೊಂದು ಬಿಟ್ಟುಕೊಳ್ಳುತ್ತವೆ. ಟ್ಯೂಬಿನ ತೂತಿಗೆ ತೇಪೆ ಹಾಕಬಹುದು. ದಾರ ಬಿಟ್ಟ ಗೋಡೆಗೆ ಹಾಕುವ ತೇಪೆ ಯಾವುದೂ ಇಲ್ಲ.

2. ಇಳಿದದ್ದು ನಿಜವೇ ಎಂದು ಮೊದಲು ಅಳೆಯಿರಿ

ಟೈರಿಗೆ ಕಾಲಿನಿಂದ ಒದ್ದು, ಇಲ್ಲವೇ ರಾಡಿನಿಂದ ಬಡಿದು ಸದ್ದು ಕೇಳಿ ನಿರ್ಧರಿಸುವವರೇ ಹೆಚ್ಚು. ಪೂರ್ತಿ ಕೂತ ಟೈರು ಅದರಿಂದ ತಿಳಿಯುತ್ತದೆ, ಇಳಿಯುತ್ತಿರುವುದು ತಿಳಿಯುವುದಿಲ್ಲ. 14 ಪಿಆರ್, 16 ಪಿಆರ್ (ಪ್ಲೈ ರೇಟಿಂಗ್) ಎಂದು ಬರೆದಿರುವ ಟೈರಿನ ಗೋಡೆ ಎಷ್ಟು ಬಿರುಸು ಎಂದರೆ, ಖಾಲಿ ಟ್ರೇಲರಿನಲ್ಲಿ ಅರ್ಧ ಗಾಳಿ ಇದ್ದರೂ ನೋಡುವವರಿಗೆ ತುಂಬಿದಂತೆಯೇ ಕಾಣುತ್ತದೆ. ಹಿಂದಿನ ಟ್ರೇಲರಿನಲ್ಲಿ ಏನಾಗುತ್ತಿದೆ ಎಂಬುದು ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತವನಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಗೇಜ್ ಕೊಳ್ಳಿ. ಒಂದು ಟೈರಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ.

ಅಳೆಯುವ ಹೊತ್ತೂ ಮುಖ್ಯ. ಮಧ್ಯಾಹ್ನ 30 ಡಿಗ್ರಿ ಇದ್ದಾಗ 90 ಪಿಎಸ್‌ಐ ತೋರಿಸಿದ ಟೈರು ಡಿಸೆಂಬರಿನ ಬೆಳಗ್ಗೆ 15 ಡಿಗ್ರಿಗೆ 85ರ ಆಸುಪಾಸು ತೋರಿಸುತ್ತದೆ. ತಣ್ಣಗಾದ ಗಾಳಿಯ ಒತ್ತಡ ಕುಗ್ಗಿರುತ್ತದೆ, ಅಷ್ಟೇ. ಅದು ಸೋರಿಕೆಯಲ್ಲ. ಓಡಿ ಬಂದ ಟೈರಿನಲ್ಲಂತೂ ಒತ್ತಡ ಇನ್ನೂ ಏರಿರುತ್ತದೆ. ಹೀಗಾಗಿ ಒಂದು ಬೆಳಗ್ಗೆ ಅಳೆದದ್ದನ್ನು ಮರುದಿನದ ಬೆಳಗ್ಗೆಗೇ ಹೋಲಿಸಬೇಕು. ಅದೇ ಟ್ರೇಲರಿನ ಉಳಿದ ಮೂರು ಟೈರುಗಳನ್ನೂ ಅಳೆಯಿರಿ. ನಾಲ್ಕೂ ಅಷ್ಟಷ್ಟೇ ಇಳಿದಿದ್ದರೆ ಕಾರಣ ಚಳಿ. ಒಂದೇ ಇಳಿದಿದ್ದರೆ ಆ ಒಂದರಲ್ಲಿ ಸೋರಿಕೆ ಇದೆ.

ಟ್ಯೂಬಿನ ರಬ್ಬರಿನ ಬಗ್ಗೆಯೂ ಒಂದು ಮಾತು. 1937ರಲ್ಲಿ ಅಮೆರಿಕದಲ್ಲಿ ಬ್ಯುಟೈಲ್ ರಬ್ಬರ್ ಕಂಡುಹಿಡಿದರು. ಮರದ ಹಾಲಿನಿಂದ ಮಾಡುವ ರಬ್ಬರಿಗೆ ಹೋಲಿಸಿದರೆ ಇದರ ಮೂಲಕ ಗಾಳಿ ಹೊರಹೋಗುವುದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಸಾದಾ ರಬ್ಬರಿನ ಟ್ಯೂಬಿನಲ್ಲಿ ತೂತೇ ಇಲ್ಲದಿದ್ದರೂ ಗಾಳಿ ಮೆಲ್ಲಗೆ ಇಳಿಯುತ್ತಿರುತ್ತದೆ. ಹೊಸ ಟ್ಯೂಬ್ ಕೊಳ್ಳುವಾಗ ಯಾವ ರಬ್ಬರಿನದು ಎಂದು ಕೇಳಿ ಕೊಳ್ಳಿ.

3. ಚಕ್ರ ಬಿಚ್ಚುವ ಮೊದಲು ವಾಲ್ವ್ ನೋಡಿ

ಸೋಪಿನ ನೀರನ್ನು ವಾಲ್ವಿನ ಬಾಯಿಗೆ ಹಚ್ಚಿ ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿ. ನಿಧಾನದ ಸೋರಿಕೆಯಲ್ಲಿ ಗುಳ್ಳೆ ಪಟ್ಟನೆ ಏಳುವುದಿಲ್ಲ, ನೋಡುತ್ತಿದ್ದಂತೆ ಮೆಲ್ಲಗೆ ಉಬ್ಬುತ್ತದೆ. ಉಬ್ಬಿದರೆ ಪಿನ್ ಕೀ ಹಾಕಿ ಬಿಗಿ ಮಾಡಿ. ಆಗಲೂ ನಿಲ್ಲದಿದ್ದರೆ ಒಳಗಿನ ಪಿನ್ನನ್ನೇ ಬದಲಿಸಿ. ಹಳೆಯ ಪಿನ್ನಿನ ತುದಿಯ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿರುತ್ತದೆ, ಇಲ್ಲವೇ ಅದರ ಕೆಳಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡಿರುತ್ತದೆ. ಹೊಸ ಪಿನ್ನಿನ ಬೆಲೆ ಒಂದು ಚಹಾದ ಖರ್ಚಿನಷ್ಟೇ.

ಕಾರಿಗೂ ಲಾರಿಗೂ ಟ್ರೇಲರಿಗೂ ಬರುವ ಈ ವಾಲ್ವ್ ನ್ಯೂಯಾರ್ಕಿನ ಶ್ರೇಡರ್ ಕುಟುಂಬದ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಹುಟ್ಟಿದ್ದು. ಅಂದಿನಿಂದ ಇಂದಿನವರೆಗೂ ಅದರ ರೂಪ ಹೆಚ್ಚು ಬದಲಾಗಿಲ್ಲ. ಒಳಗೆ ಒಂದು ಪುಟ್ಟ ಸ್ಪ್ರಿಂಗ್, ಒಂದು ಪಿನ್, ಒಂದು ರಬ್ಬರ್ ಬಳೆ. ನಮ್ಮ ಸಾದಾ ಸೈಕಲ್ಲಿನದು ಬೇರೆ ಜಾತಿ, ಅದರಲ್ಲಿ ಕೆಲಸ ಮಾಡುವುದು ವಾಲ್ ಟ್ಯೂಬ್. ಇಷ್ಟು ಸಣ್ಣ ವಸ್ತುವಿಗೆ ಮಣ್ಣು ನುಗ್ಗದಂತೆ ಕಾಯುವುದು ಮೇಲಿನ ಕ್ಯಾಪ್. ಕಬ್ಬಿನ ಹೊಲದ ಕೆಸರಿಗಿಳಿಯುವ ಟ್ರೇಲರುಗಳಲ್ಲಿ ಆ ಕ್ಯಾಪೇ ಇರುವುದಿಲ್ಲ. ಗಾಳಿ ತುಂಬಿಸುವಾಗ ಕ್ಯಾಪ್ ತೆಗೆದು ಜೇಬಿಗೆ ಹಾಕಿಕೊಂಡರೆ ಅದು ಮರಳಿ ಟೈರಿಗೆ ಬರುವುದು ಅಪರೂಪ.

ವಾಲ್ವಿನ ಬಾಯಿಯ ಜೊತೆ ಅದರ ಬುಡಕ್ಕೂ ಸೋಪಿನ ನೀರು ಹಾಕಿ. ಕಾಂಡ ಓರೆಯಾಗಿ ನಿಂತಿದೆಯೇ ನೋಡಿ. ಯಾಕೆಂದು 7ನೇ ಪಾಠದಲ್ಲಿ ಹೇಳುತ್ತೇನೆ.

4. ಭಾರ ತುಂಬಿದ ಟ್ರೇಲರನ್ನು ಎತ್ತುವಾಗ

ಸಾಧ್ಯವಿದ್ದರೆ ಖಾಲಿ ಇರುವಾಗಲೇ ಮಾಡಿಸಿ. ನಿಧಾನದ ಸೋರಿಕೆಯಲ್ಲಿ ಈ ಒಂದು ಅನುಕೂಲವಿದೆ, ಹೊತ್ತು ನೀವೇ ಆರಿಸಿಕೊಳ್ಳಬಹುದು. ಲೋಡಿನಲ್ಲೇ ಮಾಡಬೇಕಾಗಿ ಬಂದರೆ ಟ್ರ್ಯಾಕ್ಟರಿನಿಂದ ಟ್ರೇಲರನ್ನು ಕಳಚಬೇಡಿ. ಗಟ್ಟಿ, ಸಮ ನೆಲಕ್ಕೆ ತನ್ನಿ. ಉಳಿದ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಮೊದಲು ವಾಲ್ವಿನ ಪಿನ್ ತೆಗೆಯಿರಿ (ಯಾಕೆಂದು ಮುಂದಿನ ಪಾಠದಲ್ಲಿದೆ). ಚಕ್ರ ನೆಲಕ್ಕೆ ಊರಿರುವಾಗಲೇ ಹಬ್ಬಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಹಚ್ಚಿ. ಜಾಕಿನ ಕೆಳಗೆ ದಪ್ಪ ಹಲಗೆ ಇರಲಿ. ಹೈಡ್ರಾಲಿಕ್ ಜಾಕನ್ನು ನಂಬಿ ಯಾರೂ ಕೆಳಗೆ ತಲೆ ಹಾಕಬಾರದು. ಅದರ ಸೀಲ್ ಯಾವಾಗ ಬಿಟ್ಟುಕೊಡುತ್ತದೆ ಎಂದು ಹೇಳಲಾಗದು. ಆಕ್ಸಲ್ಲಿನ ಕೆಳಗೆ ಮರದ ದಿಮ್ಮಿಗಳ ಅಟ್ಟಣಿಗೆ ಇಟ್ಟ ಮೇಲೆಯೇ ಕೈ ಹಾಕಿ.

ರಾತ್ರಿ ರಸ್ತೆಯ ಮೇಲೆ ಮಾತ್ರ ಈ ಕೆಲಸ ಬೇಡವೇ ಬೇಡ. ಹಿಂದೆ ಕೆಂಪು ದೀಪವಿಲ್ಲದೆ, ಮಿನುಗುವ ಪಟ್ಟಿಯಿಲ್ಲದೆ ನಿಂತ ಕಬ್ಬಿನ ಟ್ರೇಲರಿಗೆ ಬೈಕಿನವರು ಬಂದು ಗುದ್ದುವುದು ನಮ್ಮ ಕಡೆ ಪ್ರತಿ ಹಂಗಾಮಿನ ಸಾವು. ಟ್ರೇಲರ್ ಹೋದ ಮೇಲೆ ಚಕ್ರಕ್ಕೆ ಕೊಟ್ಟ ಕಲ್ಲು ರಸ್ತೆಯಲ್ಲೇ ಉಳಿದು ಇನ್ನೊಬ್ಬರ ಜೀವ ತೆಗೆಯುವುದೂ ಉಂಟು. ಆ ಕಲ್ಲನ್ನು ಎತ್ತಿ ಬದಿಗೆ ಹಾಕುವವರೆಗೆ ರಿಪೇರಿ ಮುಗಿದಿಲ್ಲ ಎಂದು ನನ್ನ ಹುಡುಗರಿಗೆ ಹೇಳುತ್ತಲೇ ಇರುತ್ತೇನೆ.

5. ಪಿನ್ ತೆಗೆಯದೆ ಒಂದು ನಟ್ಟನ್ನೂ ಮುಟ್ಟಬೇಡಿ

ಟ್ರೇಲರಿನ ಡಿಸ್ಕುಗಳಲ್ಲಿ, ಅಂದರೆ ಟೈರು ಕೂರುವ ಕಬ್ಬಿಣದ ಚಕ್ರಗಳಲ್ಲಿ, ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದವು ಇವೆ, ರಿಂಗ್ ಕೂರಿಸಿದವು ಇವೆ. ಹೋಳು ಡಿಸ್ಕಿನಲ್ಲಿ ಚಕ್ರವನ್ನು ಹಬ್ಬಿಗೆ ಹಿಡಿದ ನಟ್ಟುಗಳೇ ಬೇರೆ, ಎರಡು ಹೋಳುಗಳನ್ನು ಹಿಡಿದ ನಟ್ಟುಗಳೇ ಬೇರೆ. ಗಾಳಿ ಇರುವಾಗ ಎರಡನೆಯದನ್ನು ಸಡಿಲಿಸಿದರೆ ಹೋಳುಗಳು ಸಿಡಿದು ಎದುರಿಗಿರುವವರನ್ನು ಕೊಲ್ಲುತ್ತವೆ. ಗಾಳಿ ಬಿಟ್ಟರೆ ಸಾಲದು, ವಾಲ್ವಿನ ಪಿನ್ನನ್ನೇ ಹೊರತೆಗೆಯಬೇಕು. ತೆಗೆದ ಮೇಲೆ ವಾಲ್ವಿನ ತೂತಿಗೆ ಒಂದು ತಂತಿ ಹಾಕಿ ನೋಡಿ. ಕೆಲವೊಮ್ಮೆ ಅಲ್ಲಿ ಮಣ್ಣು ಕಟ್ಟಿಕೊಂಡು ಗಾಳಿ ಒಳಗೇ ಉಳಿದಿರುತ್ತದೆ.

ಆ ಪಿನ್ನನ್ನು ಮಣ್ಣಿನ ಮೇಲೆ ಇಡಬೇಡಿ, ಒಂದು ಬಟ್ಟಲಲ್ಲಿ ಹಾಕಿ.

6. ಟ್ಯೂಬ್ ಎಳೆಯುವ ಮೊದಲು ಗುರುತು ಹಾಕಿ

ಎಲ್ಲ ಪಾಠಗಳಲ್ಲಿ ಇದು ಚಿಕ್ಕದು, ಆದರೆ ನನಗೆ ಬಹಳ ಇಷ್ಟವಾದದ್ದು. ವಾಲ್ವ್ ಇರುವ ಜಾಗದಲ್ಲಿ ಟೈರಿನ ಗೋಡೆಗೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಟ್ಯೂಬಿನ ಹೊರಬದಿ ಯಾವುದು ಎಂದು ಒಂದು ಅಕ್ಷರ ಬರೆಯಿರಿ. ಆಮೇಲೆ ಟ್ಯೂಬಿನಲ್ಲಿ ತೂತು ಸಿಕ್ಕಾಗ ಅದು ವಾಲ್ವಿನಿಂದ ಎಷ್ಟು ಗೇಣು, ಯಾವ ಬದಿಗೆ ಎಂದು ಅಳೆದರೆ ಟೈರಿನಲ್ಲಿಯೂ ಅದೇ ಜಾಗದಲ್ಲಿ ಮುಳ್ಳು ಸಿಗುತ್ತದೆ. ಗುರುತಿಲ್ಲದೆ ಎಳೆದುಹಾಕಿದರೆ ಟೈರನ್ನೆಲ್ಲ ತಡಕಬೇಕು, ತಡಕಿಯೂ ಸಿಗದೆ ಹೋಗಬಹುದು. ತೇಪೆ ಹಾಕಿದ ಮೂರನೆಯ ದಿನ ಮತ್ತೆ ಅಲ್ಲೇ ಪಂಕ್ಚರ್ ಆಗುವ ಟ್ಯೂಬುಗಳ ಹಿಂದೆ ಹೆಚ್ಚಾಗಿ ಇರುವುದು ಈ ಒಂದು ಗೆರೆ ಎಳೆಯದ ಅಸಡ್ಡೆ.

7. ತೂತು ಇರುವ ಜಾಗವೇ ಕಾರಣವನ್ನು ಹೇಳುತ್ತದೆ

ಟ್ಯೂಬನ್ನು ಉಬ್ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು ಎಲ್ಲರಿಗೂ ಗೊತ್ತು. ಆದರೆ ಸಣ್ಣ ತೂತು ಸುಲಭಕ್ಕೆ ಸಿಗುವುದಿಲ್ಲ. ಟೈರಿನೊಳಗೆ 90 ಪಿಎಸ್‌ಐ ಒತ್ತಡದಲ್ಲಿ ಬಾಯಿ ಬಿಡುವ ತೂತು ಹೊರಗೆ ಅಷ್ಟು ಒತ್ತಡವಿಲ್ಲದಾಗ ಮುಚ್ಚಿಕೊಂಡಿರುತ್ತದೆ. ಅದಕ್ಕೆ ಟ್ಯೂಬನ್ನು ಟೈರಿನ ಗಾತ್ರಕ್ಕಿಂತ ಸ್ವಲ್ಪ ಹೆಚ್ಚೇ ಉಬ್ಬಿಸಿ, ಗೇಣು ಗೇಣಾಗಿ ನೀರಿಗಿಳಿಸಿ, ಮುಳುಗಿದ ಭಾಗವನ್ನು ಎರಡೂ ಕೈಯಿಂದ ಹಿಗ್ಗಿಸಬೇಕು. ನೀರು ಕಲಕಿದರೆ ಏಳುವ ಗುಳ್ಳೆ ಬೇರೆ, ತೂತಿನ ಗುಳ್ಳೆ ಬೇರೆ. ತೂತಿನದು ಒಂದೇ ಜಾಗದಿಂದ, ಒಂದೇ ಸಾಲಾಗಿ ಏಳುತ್ತದೆ. ನೀರಿಗೆ ಹಾಕುವ ಮುನ್ನ ಕೆನ್ನೆಯ ಹತ್ತಿರ ಟ್ಯೂಬನ್ನು ತಿರುಗಿಸುತ್ತ ಹೋದರೂ ಗಾಳಿಯ ತಂಪು ತಾಗುತ್ತದೆ. ಒಂದು ತೂತು ಸಿಕ್ಕಿತೆಂದು ನಿಲ್ಲಿಸಬೇಡಿ, ಪೂರ್ತಿ ಸುತ್ತು ನೋಡಿ. ಹಳೆಯ ತೇಪೆಗಳ ಅಂಚನ್ನು ಒಂದೊಂದಾಗಿ ಹಿಗ್ಗಿಸಿ ನೋಡಿ. ನಿಧಾನದ ಸೋರಿಕೆ ಅಲ್ಲಿಂದಲೇ ಬರುವುದು ಬಹಳ.

ಗುರುತು ಹಾಕುವಾಗ ತೂತಿನ ಮೇಲೆ ಚುಕ್ಕಿ ಇಟ್ಟರೆ ಉಜ್ಜುವಾಗ ಅಳಿಸಿಹೋಗುತ್ತದೆ. ತೂತಿನ ನಾಲ್ಕೂ ಕಡೆ ಉದ್ದ ಗೆರೆ ಎಳೆಯಿರಿ, ತೇಪೆಯ ಆಚೆಗೂ ಕಾಣುವಂತೆ.

ಈಗ ಜಾಗ ನೋಡಿ. ತೂತು ನೆಲದ ಕಡೆ ಇದ್ದರೆ ಮುಳ್ಳು, ಮೊಳೆ, ತಂತಿ. ಅಕ್ಕಪಕ್ಕ ಎರಡು ಸೀಳು ಇದ್ದರೆ ಟ್ಯೂಬು ಡಿಸ್ಕಿಗೂ ನೆಲಕ್ಕೂ ನಡುವೆ ಚಿವುಟಿಕೊಂಡಿದೆ, ಅಂದರೆ ಗಾಳಿ ಕಡಿಮೆಯಿದ್ದಾಗ ಗುಂಡಿಗೆ ಬಿದ್ದಿದೆ. ಸೀಳು ಒಂದೇ ಇದ್ದು ಡಿಸ್ಕಿನ ಅಂಚಿನ ಸಾಲಿಗಿದ್ದರೆ ಟೈರ್ ಏರಿಸಿದವರ ಲಿವರ್ ತಾಗಿದೆ. ತೂತು ಒಳಬದಿಗೆ, ಡಿಸ್ಕಿನ ಕಡೆಗೆ ಇದ್ದರೆ ಟೈರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಡಿಸ್ಕಿನ ತುಕ್ಕು ಪದರವಾಗಿ ಎದ್ದು ಚುಚ್ಚಿರುತ್ತದೆ, ಅಥವಾ ಟ್ಯೂಬಿಗೂ ಡಿಸ್ಕಿಗೂ ನಡುವೆ ಹಾಕುವ ಫ್ಲ್ಯಾಪ್ ಹರಿದು ಮಡಚಿಕೊಂಡಿರುತ್ತದೆ. ಸೆಗಣಿ ಗೊಬ್ಬರ, ರಾಸಾಯನಿಕ ಗೊಬ್ಬರ ಹೇರುವ ಟ್ರೇಲರುಗಳ ಡಿಸ್ಕಿಗೆ ತುಕ್ಕು ಬಹಳ ಬೇಗ ಹಿಡಿಯುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆ ಏರಿಸಿ. ಫ್ಲ್ಯಾಪ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಎಸೆಯಿರಿ.

ಇನ್ನು ವಾಲ್ವಿನ ಬುಡ. ಅಲ್ಲಿ ಹರಿದಿದ್ದರೆ, ಕಾಂಡ ಓರೆಯಾಗಿದ್ದರೆ, ಡಿಸ್ಕಿನ ಮೇಲೆ ಟೈರು ಜಾರಿದೆ ಎಂದು ತಿಳಿಯಿರಿ. ಗಾಳಿ ಕಡಿಮೆಯಿದ್ದಾಗ ಬ್ರೇಕ್ ಹಿಡಿದರೆ ಡಿಸ್ಕ್ ನಿಲ್ಲುತ್ತದೆ, ಟೈರು ಮುಂದೆ ಸರಿಯುತ್ತದೆ, ಟ್ಯೂಬು ಟೈರಿನ ಜೊತೆ ಹೋಗುತ್ತದೆ, ವಾಲ್ವ್ ಮಾತ್ರ ಡಿಸ್ಕಿನ ತೂತಿನಲ್ಲಿ ಸಿಕ್ಕಿಕೊಂಡು ಎಳೆಯಲ್ಪಡುತ್ತದೆ. ಬುಡದಲ್ಲಿ ಹರಿದ ಟ್ಯೂಬಿಗೆ ನಾನು ತೇಪೆ ಹಾಕುವುದಿಲ್ಲ. ಎಷ್ಟು ಕೇಳಿಕೊಂಡರೂ ಇಲ್ಲ.

8. ತೇಪೆಯಲ್ಲಿ ಅವಸರಕ್ಕೆ ಜಾಗವಿಲ್ಲ

ಉಜ್ಜುವುದು, ಹಚ್ಚುವುದು, ಕಾಯುವುದು, ಒತ್ತುವುದು. ಈ ನಾಲ್ಕರಲ್ಲಿ ಎಲ್ಲರೂ ತಪ್ಪಿಸುವುದು ಕಾಯುವುದನ್ನು.

ಟ್ಯೂಬಿನ ಮೈಮೇಲೆ ಪೌಡರು, ಎಣ್ಣೆ, ಅಚ್ಚಿನಿಂದ ಬಂದ ನುಣುಪು ಇರುತ್ತದೆ. ತೇಪೆಗಿಂತ ಬೆರಳಗಲ ಹೆಚ್ಚಿಗೆ ಜಾಗವನ್ನು ಹೊಳಪು ಹೋಗಿ ಮಂಕಾಗುವವರೆಗೆ ಉಜ್ಜಬೇಕು. ಡೀಸೆಲ್, ಸೀಮೆಎಣ್ಣೆಯಿಂದ ಒರೆಸಬೇಡಿ, ಜಿಡ್ಡು ಉಳಿಯುತ್ತದೆ. ಸೊಲ್ಯೂಷನ್ ತೆಳ್ಳಗೆ, ಒಂದೇ ಸಮ ಹಚ್ಚಿ. ದಪ್ಪ ಹಚ್ಚಿದರೆ ಗಟ್ಟಿಯಾಗಿ ಹಿಡಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ದಪ್ಪ ಪದರದೊಳಗೆ ಆರದೆ ಉಳಿದ ದ್ರವ ಮುಂದೆ ಟೈರು ಬಿಸಿಯಾದಾಗ ಆವಿಯಾಗಿ ತೇಪೆಯನ್ನು ಮೇಲೆತ್ತುತ್ತದೆ. ಬೆರಳ ಹಿಂಬದಿ ತಾಗಿಸಿದರೆ ಅಂಟು ಎನ್ನಿಸಬೇಕು, ಬೆರಳಿಗೆ ಮೆತ್ತಬಾರದು. ಅಲ್ಲಿಯವರೆಗೆ ಕಾಯಿರಿ. ಬಾಯಿಯಿಂದ ಊದಬೇಡಿ, ಉಸಿರಿನ ತೇವ ಕೂರುತ್ತದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ತೇಪೆಯನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಿ, ಕೆಳಗೆ ಗಾಳಿ ಉಳಿಯದಂತೆ. ತೇಪೆಗೆ ಮೂಲೆಗಳು ಇರಬಾರದು. ಚೌಕದ ತೇಪೆ ಏಳುವುದು ಯಾವಾಗಲೂ ಮೂಲೆಯಿಂದಲೇ.

ಲಾರಿ, ಟ್ರೇಲರುಗಳ ಟ್ಯೂಬಿಗೆ ಬೇಯಿಸಿದ ತೇಪೆಯೇ ಗಟ್ಟಿ ಎಂಬುದು ನನ್ನ ಅಭಿಪ್ರಾಯ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸಿದ ರಬ್ಬರ್ ಕರಗದೆ ಗಟ್ಟಿಯಾಗುವುದನ್ನು ಕಂಡುಕೊಂಡರು. ರಸ್ತೆ ಬದಿಯ ನಮ್ಮ ಅಂಗಡಿಗಳಲ್ಲಿ ನಡೆಯುವುದೂ ಅದೇ ವಿದ್ಯೆ. ಹಸಿ ರಬ್ಬರಿನ ತುಂಡನ್ನು ತೂತಿನ ಮೇಲಿಟ್ಟು, ಅದರ ಮೇಲೆ ಬಿಸಿ ಕಬ್ಬಿಣ ಒತ್ತಿ ಬೇಯಿಸುತ್ತೇವೆ. ಕರೆಂಟಿನ ಯಂತ್ರ ಬರುವ ಮುನ್ನ, ಈಗಲೂ ಹಲವು ಕಡೆ, ಹಳೆಯ ಎಂಜಿನ್ನಿನ ಪಿಸ್ಟನ್ನನ್ನು ಕ್ಲಾಂಪಿನಲ್ಲಿ ಬಿಗಿದು, ಅದರ ಬೋಗುಣಿಯಂಥ ಹೊಟ್ಟೆಗೆ ಎಣ್ಣೆ ಸುರಿದು ಉರಿಸಿ ಶಾಖ ಕೊಡುತ್ತಾರೆ. ಆ ಉಪಾಯ ಮೊದಲು ಯಾರಿಗೆ ಹೊಳೆಯಿತೋ, ಅವರ ಬುದ್ಧಿಗೆ ನನ್ನ ನಮಸ್ಕಾರ. ಬೆಂದದ್ದು ಹೆಚ್ಚಾದರೆ ಟ್ಯೂಬು ಸುಟ್ಟು ಅಂಚಿನಲ್ಲಿ ಬಿರಿಯುತ್ತದೆ, ಕಡಿಮೆಯಾದರೆ ಉಗುರು ಒತ್ತಿದರೆ ಗುರುತು ಬೀಳುತ್ತದೆ. ಬೆಂದ ಮೇಲೆ ಕ್ಲಾಂಪಿನಲ್ಲೇ ಆರಲು ಬಿಡಿ. ಸೊಲ್ಯೂಷನ್ ಡಬ್ಬಿಯನ್ನು ಬೆಂಕಿಯಿಂದ ದೂರ ಇಡಿ, ಅದರ ಆವಿಯೇ ಹತ್ತಿಕೊಳ್ಳುತ್ತದೆ.

ತೇಪೆಯ ಮೇಲೆ ತೇಪೆ ಬೇಡ. ಹಳೆಯದನ್ನು ಪೂರ್ತಿ ಎಬ್ಬಿಸಿ ಹೊಸದಾಗಿ ಹಾಕಿ.

9. ಟೈರಿನೊಳಗೆ ಬರಿಗೈ ಹಾಕಬೇಡಿ, ಬಟ್ಟೆ ಹಾಕಿ

ಬಯಲುಸೀಮೆಯಲ್ಲಿ ನಿಧಾನದ ಸೋರಿಕೆಗೆ ದೊಡ್ಡ ಕಾರಣ ಬಳ್ಳಾರಿ ಜಾಲಿ. ದೂರದ ಅಮೆರಿಕ ಖಂಡದಿಂದ ಬಂದ ಈ ಮರ ಈಗ ಹಳ್ಳದ ದಂಡೆ, ಬೇಲಿ, ಬೀಳು ಹೊಲ ಎಲ್ಲವನ್ನೂ ಹಿಡಿದಿದೆ. ಅದರ ಮುಳ್ಳು ಟೈರಿಗೆ ಹೊಕ್ಕು ಹೊರಗೆ ಮುರಿಯುತ್ತದೆ, ತುದಿ ಒಳಗೇ ಉಳಿಯುತ್ತದೆ. ತಾನು ಮಾಡಿದ ತೂತನ್ನು ತಾನೇ ಮುಚ್ಚಿಕೊಂಡಿರುವುದರಿಂದ ಗಾಳಿ ಒಮ್ಮೆಗೇ ಹೋಗುವುದಿಲ್ಲ. ಭಾರ ಬಿದ್ದಾಗ ಟೈರು ಮಡಚಿ ಮುಳ್ಳು ಕದಲುತ್ತದೆ, ಒಂದಿಷ್ಟು ಗಾಳಿ ಹೋಗುತ್ತದೆ. ನಿಂತಾಗ ಮತ್ತೆ ಮುಚ್ಚಿಕೊಳ್ಳುತ್ತದೆ. ಇಂಥ ಟೈರನ್ನು ಅಂಗಡಿಯಲ್ಲಿ ನಿಲ್ಲಿಸಿ ಎಷ್ಟು ಹೊತ್ತು ನೋಡಿದರೂ ಇಳಿಯುವುದೇ ಇಲ್ಲ.

ಟೈರಿನ ಒಳಮೈಯನ್ನು ಹತ್ತಿಬಟ್ಟೆಯಿಂದ ಎರಡೂ ದಿಕ್ಕಿಗೆ ಒರೆಸಿ. ಬೆರಳಿಗೆ ತಿಳಿಯದ ತುದಿಗೂ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ. ಮುಳ್ಳನ್ನು ಇಕ್ಕುಳದಲ್ಲಿ ಹಿಡಿದು ಎಳೆಯಿರಿ. ಒಳಗೆ ಕತ್ತರಿಸಿ ಸಮ ಮಾಡಿ ಬಿಟ್ಟರೆ ಓಡುತ್ತಾ ಓಡುತ್ತಾ ಅದು ಮತ್ತೆ ತಲೆ ಎತ್ತುತ್ತದೆ. ಕಬ್ಬು ಕಡಿದ ಹೊಲದ ಕೂಳೆಯ ಮೊನೆಗಳೂ ಸಾಮಾನ್ಯವಲ್ಲ. ಕತ್ತಿಯಿಂದ ಓರೆಯಾಗಿ ಕಡಿದು ಒಣಗಿದ ಮೊನೆ ಸವೆದ ಟೈರಿನ ಗೋಡೆಯನ್ನು ಸೀಳಬಲ್ಲದು.

ಟ್ಯೂಬಿನ ತೂತು ಮುಚ್ಚಿದ ಮೇಲೆ ಟೈರಿನ ತೂತನ್ನೂ ಒಳಗಿನಿಂದ ಮುಚ್ಚಬೇಕು. ಹಾಗೇ ಬಿಟ್ಟರೆ ಅಲ್ಲಿಂದ ಮಣ್ಣು ನೀರು ಇಳಿದು ಪದರಗಳ ನಡುವೆ ಸೇರುತ್ತದೆ, ಟ್ಯೂಬನ್ನು ಮರಳು ಉಜ್ಜುತ್ತದೆ. ಸೀಳು ದೊಡ್ಡದಿದ್ದರೆ ಗೇಟರ್ ಹಾಕುತ್ತೇವೆ, ಅಂದರೆ ಹಳೆಯ ಟೈರಿನ ತುಂಡು. ಗೇಟರಿನ ಅಂಚನ್ನು ಕಾಗದದಷ್ಟು ತೆಳುವಾಗಿ ಕೆತ್ತದಿದ್ದರೆ ಅದೇ ಮುಂದಿನ ಪಂಕ್ಚರಿಗೆ ಕಾರಣ. ಗೋಡೆಯಲ್ಲಿ ದಾರ ಕಡಿದ ಟೈರಿಗೆ ಗೇಟರ್ ಹಾಕಿ ಕಬ್ಬು ಹೇರುವುದು ಸರಿಯಲ್ಲ.

10. ಒಳಗೆ ಕಪ್ಪು ಪುಡಿ ಕಂಡರೆ ಅಲ್ಲಿಗೇ ನಿಲ್ಲಿಸಿ

ಟೈರು ತೆರೆದಾಗ ತಳದಲ್ಲಿ ಕಾಡಿಗೆಯಂಥ ರಬ್ಬರ್ ಪುಡಿ ಇದ್ದರೆ ಆ ಟೈರು ಗಾಳಿ ಇಲ್ಲದೆ ಓಡಿದೆ. ಒಳಗೋಡೆಯಲ್ಲಿ ಸುತ್ತಲೂ ಒಂದು ಸುಕ್ಕಿನ ಗೆರೆ, ಹೊರಗೋಡೆಯಲ್ಲಿ ಅಲೆಯಂಥ ಉಬ್ಬು ಕಾಣುತ್ತದೆ. ಇಂಥ ಟೈರಿಗೆ ಪೂರ್ತಿ ಗಾಳಿ ತುಂಬಿಸುವಾಗಲೇ ಗೋಡೆ ಸೀಳಿ ಸ್ಫೋಟವಾಗಬಹುದು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯ ನಿಯಮವೊಂದಿದೆ: ಇರಬೇಕಾದ ಗಾಳಿಯಲ್ಲಿ ಶೇಕಡಾ 80 ಅಥವಾ ಅದಕ್ಕಿಂತ ಕಡಿಮೆಯಲ್ಲಿ ಓಡಿದ ಟೈರು ಹೋಳು ಇಲ್ಲವೇ ರಿಂಗ್ ಡಿಸ್ಕಿನದಾದರೆ, ಚಕ್ರವನ್ನು ಆಕ್ಸಲ್ಲಿನಿಂದ ಬಿಚ್ಚುವ ಮೊದಲೇ ವಾಲ್ವಿನ ಪಿನ್ ತೆಗೆದು ಪೂರ್ತಿ ಗಾಳಿ ಬಿಡಬೇಕು. 90 ಇರಬೇಕಾದಲ್ಲಿ 72. ನಮ್ಮ ರಸ್ತೆಗಳಲ್ಲಿ ಅಷ್ಟಕ್ಕೆ ಇಳಿದ ಟೈರನ್ನು ಯಾರೂ ಇಳಿದಿದೆ ಎಂದೇ ಎಣಿಸುವುದಿಲ್ಲ.

ಟ್ರೇಲರುಗಳಿಗೆ ಲಾರಿಯಲ್ಲಿ ಸವೆದ ಹಳೆಯ ಟೈರು ಹಾಕುವುದು ರೂಢಿ. ಕೊಳ್ಳುವಾಗ ಗೋಡೆಯ ಮೇಲಿನ ನಾಲ್ಕಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನೆಲಕ್ಕೆ ತಾಗುವ ಗುಬ್ಬು ಚೆನ್ನಾಗಿ ಉಳಿದಿದ್ದರೂ ಗೋಡೆಯಲ್ಲಿ ಸಣ್ಣ ಬಿರುಕುಗಳ ಬಲೆ ಕಂಡರೆ ಬೇಡ ಎನ್ನಿ.

11. ಏರಿಸುವಾಗ ಪೌಡರು, ತುಂಬಿಸುವಾಗ ದೂರ

ಟ್ಯೂಬಿಗೂ ಟೈರಿನ ಒಳಮೈಗೂ ತೆಳ್ಳಗೆ ಪೌಡರು ಸವರಿ. ಟ್ಯೂಬು ಜಾರಿ ತನ್ನ ಜಾಗಕ್ಕೆ ಕೂರುತ್ತದೆ, ಮಡಿಕೆ ಬೀಳುವುದಿಲ್ಲ. ಹಿಡಿ ತುಂಬ ಸುರಿದರೆ ತೇವಕ್ಕೆ ಗಂಟು ಕಟ್ಟಿ ಅದೇ ಉಜ್ಜುತ್ತದೆ. ಟ್ಯೂಬಿಗೆ ದುಂಡಗಾಗುವಷ್ಟು ಗಾಳಿ ಕೊಟ್ಟು ಏರಿಸಿ, ಆಮೇಲೆ ಸ್ವಲ್ಪ ತುಂಬಿಸಿ, ಪೂರ್ತಿ ಬಿಟ್ಟು, ಮತ್ತೆ ತುಂಬಿಸಿ. ಈ ಬಿಟ್ಟು ತುಂಬಿಸುವುದರಿಂದ ಒಳಗಿನ ಸುಕ್ಕು ಬಿಚ್ಚಿಕೊಳ್ಳುತ್ತದೆ. ಸುಕ್ಕು ಉಳಿದರೆ ಆ ಮಡಿಕೆ ಸವೆದು ಮತ್ತೊಂದು ನಿಧಾನದ ಸೋರಿಕೆ ಹುಟ್ಟುತ್ತದೆ.

ರಿಂಗ್ ಡಿಸ್ಕಿನ ಟೈರಿಗೆ ಗಾಳಿ ತುಂಬಿಸುವಾಗ ಸತ್ತವರ, ಕೈ ಮುರಿದುಕೊಂಡವರ ಸುದ್ದಿ ಈ ಕಸುಬಿನಲ್ಲಿರುವ ಎಲ್ಲರ ಕಿವಿಗೂ ಬಿದ್ದಿದೆ. ರಿಂಗ್ ಬಾಗಿದ್ದರೆ, ಅದು ಕೂರುವ ತೋಡಿನಲ್ಲಿ ತುಕ್ಕು ಕೂತಿದ್ದರೆ ಬಳಸಬೇಡಿ. ಕಬ್ಬಿಣದ ಪಂಜರವಿದ್ದರೆ ಅದರೊಳಗೆ ಇಟ್ಟು ತುಂಬಿಸಿ. ಪಂಜರ ಇಲ್ಲದ ಕಡೆ ಡಿಸ್ಕಿನ ತೂತುಗಳ ಮೂಲಕ ದಪ್ಪ ಸರಪಳಿ ಸುತ್ತಿ, ರಿಂಗಿನ ಬದಿಯನ್ನು ನೆಲಕ್ಕೆ ಮಾಡುತ್ತಾರೆ. ಅದು ಪಂಜರಕ್ಕೆ ಸಮವಲ್ಲ, ಏನೂ ಇಲ್ಲದ್ದಕ್ಕಿಂತ ಮೇಲು. ಕಚ್ಚಿ ಹಿಡಿಯುವ ನಾಜಲ್, ಉದ್ದನೆಯ ಪೈಪು ಹಾಕಿ ದೂರ ನಿಂತು ತುಂಬಿಸಿ. ಟೈರಿನ ಮೇಲೆ ಕೂತು ತುಂಬಿಸುವುದು, ಗಾಳಿ ಏರುತ್ತಿರುವಾಗ ರಿಂಗನ್ನು ಸುತ್ತಿಗೆಯಿಂದ ಬಡಿಯುವುದು, ಇವೆರಡನ್ನೂ ಕಂಡಲ್ಲಿ ತಡೆಯಿರಿ. ನೋಡಲು ನಿಂತ ಮಕ್ಕಳನ್ನು ಮೊದಲು ದೂರ ಕಳುಹಿಸಿ.

12. ಎತ್ತಿನ ಗಾಡಿಯ ಟೈರು

ಕಬ್ಬು ಹೇರುವ ಟೈರಿನ ಗಾಡಿಗಳು ಈಗಲೂ ಕಾರ್ಖಾನೆಗಳ ಮುಂದೆ ಕಾಣಸಿಗುತ್ತವೆ. ಅವುಗಳ ಗಾಳಿ ಇಳಿದಿದ್ದರೆ ಎಂಜಿನ್ನಿನ ಸದ್ದು ಬದಲಾಗುವುದಿಲ್ಲ, ಡೀಸೆಲ್ ಹೆಚ್ಚು ಕುಡಿಯುವುದಿಲ್ಲ. ಎತ್ತುಗಳು ಎಳೆಯುತ್ತವೆ, ಅಷ್ಟೇ. ಒಂದು ಬದಿಯದು ಮಾತ್ರ ಇಳಿದಿದ್ದರೆ ಗಾಡಿ ಆ ಕಡೆಗೇ ಎಳೆದು ನೊಗ ಒಂದು ಎತ್ತಿನ ಹೆಗಲನ್ನು ಉಜ್ಜುತ್ತದೆ. ಎತ್ತಿನ ಹೆಗಲ ಮೇಲೆ ಹುಣ್ಣು ಕಂಡಾಗ ನಾನು ಗಾಡಿಯ ಟೈರಿಗೂ ಗೇಜ್ ಹಚ್ಚುತ್ತೇನೆ. ಎತ್ತಿನ ಗಾಡಿಗೆ ಗಾಳಿ ತುಂಬಿಸಿದ್ದಕ್ಕೆ ನಮ್ಮ ಅಂಗಡಿಯಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ.

13. ಮರುದಿನ ಬೆಳಗ್ಗೆ ಮತ್ತೆ ಅಳೆಯಿರಿ

ರಿಪೇರಿಯಾದ ಟೈರಿನ ಗಾಳಿಯನ್ನೂ ಪಕ್ಕದ ಟೈರಿನದನ್ನೂ ಆ ಸಂಜೆ ಟೈರು ತಣ್ಣಗಾದ ಮೇಲೆ ಅಳೆದು, ಡಿಸ್ಕಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಬಿಡಿ. ಬೆಳಗ್ಗೆ ಬಿಸಿಲೇರುವ ಮುಂಚೆ ಮತ್ತೆ ಅಳೆಯಿರಿ, ಪಕ್ಕದ ಟೈರಿಗೆ ಹೋಲಿಸಿ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಇನ್ನೂ ಸೋರಿಕೆ ಇದೆ. ಲೋಡ್ ಹೇರುವ ಮೊದಲೇ ಮರಳಿ ತನ್ನಿ.

ಚಕ್ರ ಕೂರಿಸುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು, ಸುತ್ತಿನ ಸಾಲಿನಲ್ಲಲ್ಲ. ಸಾಲಾಗಿ ಬಿಗಿದರೆ ಡಿಸ್ಕ್ ಒಂದು ಕಡೆಗೆ ಓರೆಯಾಗಿ ಕೂರುತ್ತದೆ. ಬಣ್ಣ ಬಳಿದ ಡಿಸ್ಕಾದರೆ ಆ ಬಣ್ಣದ ಪದರ ಭಾರಕ್ಕೆ ನುಗ್ಗಾಗಿ ನಟ್ಟು ತಾನಾಗಿಯೇ ಸಡಿಲವಾಗುತ್ತದೆ. ಮೊದಲ ಲೋಡು ಇಳಿಸಿ ಬಂದ ಕೂಡಲೇ ಎಲ್ಲ ನಟ್ಟುಗಳಿಗೂ ಪಾನಾ ಹಾಕಿ ಮತ್ತೊಮ್ಮೆ ಬಿಗಿಯಿರಿ. ವಾಲ್ವಿನ ಕ್ಯಾಪ್ ಹಾಕಿದೆಯೇ ಎಂದು ಆಗಲೇ ನೋಡಿಕೊಳ್ಳಿ.